ಒಂದೇ ಬಣ್ಣದ ಕೋಣೆ: ಸಮಕಾಲೀನ ದೃಶ್ಯಕಲೆಯ ಸಂಶೋಧನಾ ಕ್ರಮದಿಂದ 'ಬೆಳಕು' ಪಾಠಕ್ಕೆ

ಪೀಠಿಕೆ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ಕಲಾ ಸಮನ್ವಯ' ಎಂಬ ಒಂದು ಅಂಕಣವಿದೆ. ಕಲೆಯನ್ನು ಇತರ ವಿಷಯಗಳ ಕಲಿಕೆಯೊಳಗೆ ಬೆಸೆಯಬೇಕು ಎಂದು ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳಿದ ಮೇಲೆ ಈ ಅಂಕಣವನ್ನು ಯಾರೂ ಖಾಲಿ ಬಿಡುವುದಿಲ್ಲ. ವಿಜ್ಞಾನದ ಪ್ರಶಿಕ್ಷಣಾರ್ಥಿಗಳಾದ ನಾವು ಅಲ್ಲಿ ಸಾಮಾನ್ಯವಾಗಿ ಬರೆಯುವುದು 'ಚಿತ್ರ ಬಿಡಿಸಿ ಬಣ್ಣ ಹಚ್ಚುವುದು', 'ಚಾರ್ಟ್ ತಯಾರಿಸುವುದು', 'ಹಾಡಿನ ಮೂಲಕ ಪುನರಾವರ್ತನೆ'. ಇವು ತಪ್ಪಲ್ಲ. ಆದರೆ ಇಲ್ಲೆಲ್ಲ ವಿಜ್ಞಾನದ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ. ಕಲೆ ಬರುವುದು ಆ ಉತ್ತರಕ್ಕೆ ಅಂಚು ಹೊಲಿಯಲು ಮಾತ್ರ. ಹೀಗಾದರೆ ಮಗು ವಿಜ್ಞಾನವನ್ನೂ ಹೊಸದಾಗಿ ಕಲಿಯುವುದಿಲ್ಲ, ಕಲೆಯನ್ನೂ ಕಲಿಯುವುದಿಲ್ಲ.

ಇಂದಿನ ದೃಶ್ಯಕಲೆಯಲ್ಲಿ ಕಲೆಯನ್ನೇ ಒಂದು ಶೋಧನೆಯ ದಾರಿಯಾಗಿ ಬಳಸುವ ಕ್ರಮ ಬೆಳೆದಿದೆ. ಅದನ್ನು ಅಭ್ಯಾಸಾಧಾರಿತ ಸಂಶೋಧನೆ ಎನ್ನುತ್ತಾರೆ. ಈ ಕ್ರಮವನ್ನು ಅರಿತರೆ ಮೇಲಿನ ಅಂಕಣವನ್ನು ಬೇರೆ ರೀತಿಯಲ್ಲಿ ತುಂಬಬಹುದು ಎಂಬುದು ನನ್ನ ವಾದ. ಮೊದಲು ಈ ಪರಿಕಲ್ಪನೆಯನ್ನೂ ಅದಕ್ಕೆ ಎರಡು ನಿದರ್ಶನಗಳನ್ನೂ ಕೊಟ್ಟು, ಬಳಿಕ ಅದೇ ಕ್ರಮದಲ್ಲಿ 8ನೇ ತರಗತಿಗೆ 'ಬೆಳಕು' ಅಧ್ಯಾಯದ ಮೇಲೆ ನಾನು ನಡೆಸಿದ ಮೂರು ಅವಧಿಗಳ ಪಾಠವನ್ನು ವಿವರಿಸುತ್ತೇನೆ.

ಅಭ್ಯಾಸಾಧಾರಿತ ಸಂಶೋಧನೆ ಎಂದರೇನು?

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ. ಅವರು ಕಲಾಕ್ಷೇತ್ರದ ಸಂಶೋಧನೆಯನ್ನು ಮೂರಾಗಿ ವಿಂಗಡಿಸಿದರು.

1. ಕಲೆಯ ಕುರಿತ ಸಂಶೋಧನೆ: ಕಲೆಯ ಇತಿಹಾಸ, ವಿಮರ್ಶೆ, ಸಿದ್ಧಾಂತಗಳ ಅಧ್ಯಯನ.
2. ಕಲೆಯ ಮೂಲಕ ಸಂಶೋಧನೆ: ವಸ್ತುಗಳನ್ನು ಪರೀಕ್ಷಿಸುತ್ತಾ, ಮಾಡುತ್ತಾ, ಮಾಡಿದ್ದನ್ನು ಹೆಜ್ಜೆ ಹೆಜ್ಜೆಗೂ ದಾಖಲಿಸುತ್ತಾ ತಿಳಿಯುವುದು.
3. ಕಲೆಗಾಗಿ ಸಂಶೋಧನೆ: ಒಂದು ಕೃತಿಯನ್ನು ರಚಿಸಲೆಂದು ನಡೆಸುವ ಹುಡುಕಾಟ. ಇಲ್ಲಿ ಚಿಂತನೆಯೆಲ್ಲ ಕೃತಿಯೊಳಗೇ ಅಡಗಿರುತ್ತದೆ.

ನಮಗೆ ಮುಖ್ಯವಾದದ್ದು ಎರಡನೆಯದು. ಅದನ್ನು ವಿವರಿಸುವಾಗ ಫ್ರೇಲಿಂಗ್ ಕ್ರಿಯಾ ಸಂಶೋಧನೆಯನ್ನೂ ಅದರ ದಿನಚರಿಯನ್ನೂ ಉದಾಹರಿಸುತ್ತಾರೆ. ಬಿ.ಇಡಿ. ಪಠ್ಯಕ್ರಮದಲ್ಲಿ ಕ್ರಿಯಾ ಸಂಶೋಧನೆಯನ್ನು ಓದಿದ ನಮಗೆ ಇದು ಪರಿಚಿತ ನೆಲವೇ. ತರಗತಿಯ ಸಮಸ್ಯೆಯನ್ನು ಪಾಠ ಮಾಡುತ್ತಲೇ ಶೋಧಿಸುವುದಕ್ಕೂ, ಬಣ್ಣದ ಸಮಸ್ಯೆಯನ್ನು ಬಣ್ಣ ಕಲಸುತ್ತಲೇ ಶೋಧಿಸುವುದಕ್ಕೂ ಕ್ರಮ ಒಂದೇ. 'ಬೋಧನಾಭ್ಯಾಸ' ಎಂಬ ನಮ್ಮ ಪದದಲ್ಲಿರುವ 'ಅಭ್ಯಾಸ'ವನ್ನು ಇದೇ ಅರ್ಥದಲ್ಲಿ ಇಲ್ಲಿ ಬಳಸಿದ್ದೇನೆ. ಮಾಡುವ ಮೊದಲು ಗೊತ್ತಿರದ ಯಾವುದೋ ಒಂದು ಸಂಗತಿ ಮಾಡಿದ ಮೇಲೆ ಗೊತ್ತಾಗಬೇಕು, ಮತ್ತು ಅದನ್ನು ಇತರರಿಗೆ ತಿಳಿಸುವಂತೆ ದಾಖಲಿಸಿರಬೇಕು. ಈ ಎರಡೂ ಇದ್ದರೆ ಅದು ಸಂಶೋಧನೆ, ಇಲ್ಲದಿದ್ದರೆ ಕೈಕೆಲಸ.

ಇಂತಹ ಕೆಲಸ ಒಂದೇ ಶಾಸ್ತ್ರದ ಒಳಗೆ ನಿಲ್ಲುವುದಿಲ್ಲ. ಬೆಳಕಿನೊಂದಿಗೆ ಕೆಲಸ ಮಾಡುವ ಕಲಾವಿದರಿಗೆ ಭೌತವಿಜ್ಞಾನ ಬೇಕು, ಮಂಜುಗಡ್ಡೆಯೊಂದಿಗೆ ಕೆಲಸ ಮಾಡುವವರಿಗೆ ಭೂವಿಜ್ಞಾನ ಬೇಕು. ಅಂತರ್‌ಶಿಸ್ತೀಯತೆ ಇಲ್ಲಿ ಅಲಂಕಾರದ ಮಾತಲ್ಲ, ಕೆಲಸದ ಅಗತ್ಯ.

ಎರಡು ನಿದರ್ಶನಗಳು

ಓಲಾಫುರ್ ಎಲಿಯಾಸನ್ 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ಐಸ್‌ಲ್ಯಾಂಡ್ ಮೂಲದ ಕುಟುಂಬದಲ್ಲಿ ಹುಟ್ಟಿದ ಕಲಾವಿದ. 1995ರಲ್ಲಿ ಅವರು ಬರ್ಲಿನ್ನಿನಲ್ಲಿ ಆರಂಭಿಸಿದ ಸ್ಟುಡಿಯೋದಲ್ಲಿ ಕುಶಲಕರ್ಮಿಗಳು, ವಾಸ್ತುಶಿಲ್ಪಿಗಳು, ಸಂಶೋಧಕರು ಜೊತೆಯಾಗಿ ಕೆಲಸ ಮಾಡುತ್ತಾರೆ. 1997ರ 'ರೂಮ್ ಫಾರ್ ಒನ್ ಕಲರ್' ಎಂಬ ಅವರ ಕೃತಿ ಒಂದು ಖಾಲಿ ಕೋಣೆ. ಅದರ ಚಾವಣಿಯಲ್ಲಿ ಒಂದೇ ತರಂಗದೂರದ ಹಳದಿ ಬೆಳಕು ಕೊಡುವ ದೀಪಗಳಿವೆ. ಒಳಗೆ ಹೋದವರಿಗೆ ತಮ್ಮ ಬಟ್ಟೆ, ಚರ್ಮ, ಪಕ್ಕದವರ ಮುಖ ಎಲ್ಲವೂ ಹಳದಿ ಮತ್ತು ಕಪ್ಪಿನ ನಡುವಿನ ಛಾಯೆಗಳಲ್ಲಿ ಕಾಣುತ್ತವೆ.

ಇದರ ದೊಡ್ಡ ರೂಪವೇ 'ದಿ ವೆದರ್ ಪ್ರಾಜೆಕ್ಟ್'. ಲಂಡನ್ನಿನ ಹಳೆಯ ವಿದ್ಯುತ್ ಸ್ಥಾವರವೊಂದು ಈಗ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾಗಿದೆ. ಅದರ ಟರ್ಬೈನ್ ಹಾಲ್‌ನಲ್ಲಿ 2003ರ ಅಕ್ಟೋಬರ್‌ನಿಂದ 2004ರ ಮಾರ್ಚ್‌ವರೆಗೆ ಈ ಕೃತಿ ಇತ್ತು. ಗೋಡೆಯ ಮೇಲ್ಭಾಗದಲ್ಲಿ ಸುಮಾರು 200 ದೀಪಗಳನ್ನು ಹಿಂಬದಿಗಿಟ್ಟ ಒಂದು ಅರ್ಧವೃತ್ತದ ಪರದೆ. ಚಾವಣಿಗೆ ಕನ್ನಡಿ. ಗಾಳಿಯಲ್ಲಿ ಕೃತಕ ಮಂಜು. ಕನ್ನಡಿಯಲ್ಲಿ ಅರ್ಧವೃತ್ತ ಪ್ರತಿಫಲಿಸಿ ಪೂರ್ಣ ಸೂರ್ಯನಾಗಿ ಕಾಣುತ್ತಿತ್ತು. ಅಂದರೆ ಆ ಸೂರ್ಯನ ಅರ್ಧ ಭಾಗ ವಸ್ತು, ಇನ್ನರ್ಧ ಪ್ರತಿಬಿಂಬ. ಪರದೆಯ ಹಿಂಬದಿಗೆ ಹೋಗಿ ದೀಪ, ತಂತಿಗಳನ್ನು ನೋಡಲೂ ಅವಕಾಶವಿತ್ತು. ಹೇಗೆ ಮಾಡಿದ್ದೇವೆ ಎಂಬುದನ್ನು ಕಲಾವಿದ ಮುಚ್ಚಿಡಲಿಲ್ಲ.

ಇಲ್ಲಿ ಸಂಶೋಧನೆ ಯಾವುದು ಎಂದು ಕೇಳಬಹುದು. ಸೋಡಿಯಂ ದೀಪದ ಗುಣ, ಕನ್ನಡಿಯ ನಿಯಮ ಎರಡೂ ಹಳೆಯ ವಿಷಯಗಳೇ. ಆದರೆ ಇಂತಹ ಬೆಳಕಿನಡಿ ಜನ ಏನು ಮಾಡುತ್ತಾರೆ ಎಂಬುದು ಮೇಜಿನ ಮುಂದೆ ಕುಳಿತು ಲೆಕ್ಕ ಹಾಕಿ ತಿಳಿಯುವಂಥದ್ದಲ್ಲ. 20 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಎಷ್ಟೋ ಜನ ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಕನ್ನಡಿಯಲ್ಲಿ ತಮ್ಮನ್ನು ಹುಡುಕಿಕೊಂಡರು. ಅಪರಿಚಿತರು ಸೇರಿ ಕೈಕಾಲುಗಳಿಂದ ಆಕಾರಗಳನ್ನು ರಚಿಸಿದರು. ಕೃತಿಯನ್ನು ನಿರ್ಮಿಸಿದ ಮೇಲಷ್ಟೇ ದೊರೆತ ತಿಳಿವು ಇದು. ಅದೇ ಕಲಾವಿದ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಅವರೊಂದಿಗೆ ಸೇರಿ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಗಳನ್ನು 2014ರಲ್ಲಿ ಕೋಪನ್‌ಹೇಗನ್‌ಗೂ 2015ರಲ್ಲಿ ಹವಾಮಾನ ಸಮ್ಮೇಳನದ ಹೊತ್ತಿಗೆ ಪ್ಯಾರಿಸ್‌ಗೂ ತಂದು, ಗಡಿಯಾರದ ಅಂಕಿಗಳಂತೆ 12 ಗಡ್ಡೆಗಳನ್ನು ಬೀದಿಯಲ್ಲಿ ಕರಗಲು ಬಿಟ್ಟರು. ಆ ಕೃತಿಯ ಹೆಸರು 'ಐಸ್ ವಾಚ್'.

ಎರಡನೆಯ ನಿದರ್ಶನ ನಮ್ಮ ನಾಡಿನದು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆಯಿಂದ ಆರಂಭಿಸಿ, 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರ, ಸೂಜಿಗಳಂತಹ ದಿನಬಳಕೆಯ ವಸ್ತುಗಳತ್ತ ಹೊರಳಿದರು. ಸೂಜಿಗಳಲ್ಲಿ ಪೋಣಿಸಿ ಕುಂಕುಮ ಬಳಿದ ನೂರಾರು ಅಡಿ ದಾರದ ಹುರಿ ಅವರ ಪ್ರಸಿದ್ಧ ಕೃತಿಗಳಲ್ಲಿ ಒಂದು. ಬಳಸಿ ಬಿಸಾಡಿದ ಡಾಂಬರು ಡ್ರಮ್ಮುಗಳಿಂದ ಕಟ್ಟಿದ 2006ರ 'ಡಾರ್ಕ್‌ರೂಮ್' ಎಂಬ ಕೃತಿಯೊಳಗೆ ಬಗ್ಗಿ ನುಸುಳಬೇಕು. ಒಳಗೆ ಕತ್ತಲೆ. ಮೇಲಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಇಳಿದು ನಕ್ಷತ್ರಗಳ ಆಕಾಶದಂತೆ ಕಾಣುತ್ತದೆ. ರಸ್ತೆ ಕೆಲಸಗಾರರ ಬದುಕಿನ ವಸ್ತು, ಗುಡಿಸಲಿನ ಅಳತೆ, ಬೆಳಕಿನ ವರ್ತನೆ ಮೂರೂ ಅಲ್ಲಿ ಒಂದೇ ಪ್ರಶ್ನೆಯೊಳಗೆ ಸೇರುತ್ತವೆ. ಅರಿಸಿನ, ಕುಂಕುಮ, ರಂಗೋಲಿ ಪುಡಿಗಳನ್ನೇ ಪಾಠದ ಸಾಮಗ್ರಿಯಾಗಿ ಆರಿಸಲು ನನಗೆ ಧೈರ್ಯ ಬಂದದ್ದು ಈ ಕೃತಿಗಳ ಕುರಿತು ಓದಿದ ಮೇಲೆ.

ಪಾಠದ ಉದ್ದೇಶಗಳು

ವಿದ್ಯಾರ್ಥಿಗಳು
1. ಸಮತಲ ದರ್ಪಣದ ಪ್ರತಿಬಿಂಬದ ಲಕ್ಷಣಗಳನ್ನು ಬಳಸಿ ಒಂದು ಪರಿಣಾಮವನ್ನು ರಚಿಸುವರು.
2. ವಸ್ತುವಿನ ಬಣ್ಣ ಅದರ ಮೇಲೆ ಬೀಳುವ ಬೆಳಕನ್ನೂ ಅವಲಂಬಿಸಿದೆ ಎಂಬುದನ್ನು ಪ್ರಯೋಗದಿಂದ ಕಂಡುಕೊಳ್ಳುವರು.
3. ತಮ್ಮದೇ ಪ್ರಶ್ನೆಯನ್ನು ರೂಪಿಸಿ, ಮಾಡಿ ನೋಡಿ, ಪ್ರಕ್ರಿಯಾ ದಿನಚರಿಯಲ್ಲಿ ದಾಖಲಿಸುವರು.

ಸಾಮಗ್ರಿಗಳು

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದ 35 ವ್ಯಾಟ್ ಸೋಡಿಯಂ ಆವಿ ದೀಪ ಮತ್ತು ಅದರ ಟ್ರಾನ್ಸ್‌ಫಾರ್ಮರ್, ಹಳೆಯ ಸಿ.ಡಿ.ಗಳು, ಅಂಗೈಯಗಲದ ಕನ್ನಡಿಗಳು, ಹಳದಿ ಕಾಗದದ ಅರ್ಧವೃತ್ತಗಳು, ಬಿಳಿ ರಂಗೋಲಿ ಪುಡಿ, ಅಕ್ಕಿಹಿಟ್ಟು, ಅರಿಸಿನ, ಕುಂಕುಮ, ಹಸಿರು ಮತ್ತು ನೀಲಿ ರಂಗೋಲಿ ಪುಡಿ, ಇದ್ದಿಲ ಪುಡಿ, ಕಿಟಕಿಗೆ ಕಟ್ಟಲು ದಪ್ಪ ಜಮಖಾನ.

ಸೋಡಿಯಂ ದೀಪವನ್ನು ಬಿ.ಎಸ್ಸಿ.ಯಲ್ಲಿ ನಾವೆಲ್ಲ ನ್ಯೂಟನ್ ಉಂಗುರಗಳ ಪ್ರಯೋಗಕ್ಕೆ ಬಳಸಿದ್ದೇವೆ. ಅದರ ಬೆಳಕು ಬಹುಪಾಲು 589.0 ಮತ್ತು 589.6 ನ್ಯಾನೊಮೀಟರ್‌ಗಳ ಎರಡು ರೇಖೆಗಳಲ್ಲೇ ಇರುವುದರಿಂದ ಕಣ್ಣಿಗೆ ಒಂದೇ ಹಳದಿ. ಎಲಿಯಾಸನ್ ಅವರ ಕೋಣೆಯ ಬೆಳಕೂ ಇದೇ ಬಗೆಯದು. ಸುರಕ್ಷತೆಯ ಮಾತು: ದೀಪ ಬಿಸಿಯಾಗುತ್ತದೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ, ಒಡೆದರೆ ಒಳಗಿನ ಸೋಡಿಯಂ ಅಪಾಯಕಾರಿ. ಆದ್ದರಿಂದ ದೀಪವನ್ನು ಅದರ ಪೆಟ್ಟಿಗೆಯೊಳಗೇ ಇಟ್ಟು, ಶಿಕ್ಷಕರ ಮೇಜಿನ ಮೇಲಿರಿಸಿ, ಅದರ ಹತ್ತಿರ ಮಕ್ಕಳು ಬಾರದಂತೆ ಬೆಂಚು ಅಡ್ಡವಿಟ್ಟಿದ್ದೆ. ಪುಡಿಗಳನ್ನು ಯಾರೂ ಬಾಯಿಗೆ ಹಾಕಬಾರದೆಂದು ಮೊದಲೇ ಹೇಳಿದ್ದೆ.

ಪಾಠ ನಡೆದ ಬಗೆ

ಮೊದಲ ಅವಧಿ: ಅರ್ಧ ಸೂರ್ಯ. 36 ವಿದ್ಯಾರ್ಥಿಗಳ 6 ಗುಂಪುಗಳಿಗೆ ಕನ್ನಡಿ ಮತ್ತು ಕಾಗದದ ಅರ್ಧವೃತ್ತ ಕೊಟ್ಟು, "ಇದನ್ನು ಹರಿಯದೆ, ಇನ್ನೊಂದು ಕಾಗದ ಸೇರಿಸದೆ ಪೂರ್ಣ ಸೂರ್ಯನನ್ನು ಮಾಡಿ" ಎಂದಷ್ಟೇ ಹೇಳಿದೆ. ಕಾಗದದ ನೇರ ಅಂಚು ಕನ್ನಡಿಗೆ ತಾಗಿದಾಗ ಮಾತ್ರ ವೃತ್ತ ಕೂಡುತ್ತದೆ, ಸ್ವಲ್ಪ ದೂರ ಸರಿದರೆ ನಡುವೆ ಸಂದು ಬೀಳುತ್ತದೆ ಎಂಬುದು ಎಲ್ಲ ಗುಂಪುಗಳಿಗೂ ಹೊಳೆಯಿತು. "ಸಂದು ಯಾಕೆ ಡಬಲ್ ಆಗ್ತದೆ ಸರ್?" ಎಂದು ಒಬ್ಬಳು ಕೇಳಿದಳು. ವಸ್ತು ದರ್ಪಣದಿಂದ ಎಷ್ಟು ಮುಂದಿದೆಯೋ ಪ್ರತಿಬಿಂಬ ಅಷ್ಟೇ ಹಿಂದಿರುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯವನ್ನು ನಾನು ಹೇಳಬೇಕಾಗಲಿಲ್ಲ. ಸ್ಕೇಲು ಹಿಡಿದು ಅಳೆದ ಅವಳ ಗುಂಪೇ ಅದನ್ನು ಹೇಳಿತು. ಬಳಿಕ 'ದಿ ವೆದರ್ ಪ್ರಾಜೆಕ್ಟ್' ಚಿತ್ರವನ್ನು ತೋರಿಸಿದೆ. ಇದರಲ್ಲಿ ಕನ್ನಡಿ ಎಲ್ಲಿದೆ ಎಂಬುದನ್ನು ಅವರೇ ಗುರುತಿಸಿದರು.

ಎರಡನೆಯ ಅವಧಿ: ಒಂದೇ ಬಣ್ಣದ ಕೋಣೆ. ಪ್ರತಿ ಗುಂಪಿಗೂ ಆರು ಪುಡಿಗಳನ್ನು ಕಾಗದದ ತಟ್ಟೆಗಳಲ್ಲಿ ಇಟ್ಟು, ತಟ್ಟೆಯ ತಳದಲ್ಲಿ ಗುರುತಿನ ಅಕ್ಷರ ಬರೆದಿದ್ದೆ. ಕೋಣೆ ಕತ್ತಲಾದ ಮೇಲೆ ತಟ್ಟೆಗಳನ್ನು ಹಂಚಿದೆ. ದೀಪ ಹಚ್ಚಿದ ಕೂಡಲೇ ಹಳದಿ ಬೆಳಕು ಬರುವುದಿಲ್ಲ. ಮೊದಲು ಒಳಗಿನ ನಿಯಾನ್ ಅನಿಲದ ಕೆಂಪು ಬೆಳಕು ಬಂದು, ಸೋಡಿಯಂ ಬಿಸಿಯಾಗಿ ಆವಿಯಾದಂತೆ ಹಳದಿಗೆ ತಿರುಗುತ್ತದೆ. ಈ ಕೆಲವು ನಿಮಿಷಗಳನ್ನು ಕಾಯುವ ಸಮಯವೆಂದು ಬಿಡದೆ, ಏನೇನು ಬದಲಾಗುತ್ತಿದೆ ಎಂದು ಬರೆಯಲು ಹೇಳಿದೆ. ಕೆಂಪು ಬೆಳಕಿನಲ್ಲಿ ಎದ್ದು ಕಾಣುತ್ತಿದ್ದ ಒಂದು ತಟ್ಟೆ ನಿಧಾನವಾಗಿ ಮಂಕಾಯಿತು. ಒಂದು ದಿನಚರಿಯಲ್ಲಿ "ಕೆಂಡ ಆರಿದ ಹಾಗೆ ಆರಿತು" ಎಂದು ಬರೆದಿತ್ತು. ಅದು ಕುಂಕುಮವೆಂದು ಅವರಿಗೆ ಆಗ ಗೊತ್ತಿರಲಿಲ್ಲ.

ಪೂರ್ಣ ಹಳದಿ ಬೆಳಕು ಬಂದಾಗ ತಟ್ಟೆಗಳ ಬಣ್ಣ ಹೆಸರಿಸಲು ಹೇಳಿದೆ. ಬಿಳಿ ಪುಡಿ ಮತ್ತು ಅರಿಸಿನ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ನೀಲಿ, ಹಸಿರು, ಇದ್ದಿಲು ಮೂರೂ ಕಪ್ಪಿನ ಕಡೆಗೆ ಸರಿದವು. ಕುಂಕುಮವನ್ನು ಕೆಲವು ಗುಂಪುಗಳು ಕಪ್ಪಿನ ಸಾಲಿಗೂ ಕೆಲವು ನಡುವಿನ ಸಾಲಿಗೂ ಸೇರಿಸಿದವು. ಒಂದು ಗುಂಪು ಅರಿಸಿನವನ್ನು ಸರಿಯಾಗಿ ಹೆಸರಿಸಿತು. ಹೇಗೆ ತಿಳಿಯಿತೆಂದು ಕೇಳಿದಾಗ "ಮೂಸಿ ನೋಡಿದ್ವಿ" ಎಂದರು. ಅದನ್ನೂ ಸಾಕ್ಷ್ಯವೆಂದು ಒಪ್ಪಿ, 'ಯಾವ ಇಂದ್ರಿಯದಿಂದ ತಿಳಿಯಿತು' ಎಂಬ ಇನ್ನೊಂದು ಕಲಂ ಅನ್ನು ದಿನಚರಿಗೆ ಸೇರಿಸಿದೆವು. ನಂತರ ಮೊಬೈಲ್ ಟಾರ್ಚ್ ಹಾಕಿದಾಗ ಎಲ್ಲ ಬಣ್ಣಗಳೂ ಮರಳಿದವು. ದೂರದಿಂದಲೇ ಸೋಡಿಯಂ ದೀಪವನ್ನು ಸಿ.ಡಿ.ಯಲ್ಲಿ ನೋಡಿದಾಗ ಹಳದಿ ಮಾತ್ರ, ಟಾರ್ಚನ್ನು ನೋಡಿದಾಗ ಹಲವು ಬಣ್ಣ. ಬೀಳುವ ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ವಸ್ತು ಪ್ರತಿಫಲಿಸಲಾರದು ಎಂಬ ವಿವರಣೆಗೆ ಈಗ ನೆಲ ಸಿದ್ಧವಾಗಿತ್ತು.

ಇದೇ ಅವಧಿಯಲ್ಲಿ ನಾನು ಯೋಜಿಸಿರದ ಒಂದು ಸಂಗತಿ ನಡೆಯಿತು. ಮಂಕಿನಿಂದ ಹೊಳಪಿನ ಕಡೆಗೆ ತಟ್ಟೆಗಳನ್ನು ಜೋಡಿಸುವ ಕೆಲಸವನ್ನು ಒಬ್ಬ ಹುಡುಗ ಉಳಿದವರಿಗಿಂತ ಬೇಗ, ಅನುಮಾನವಿಲ್ಲದೆ ಮಾಡಿದ. ಅವನ ಗುಂಪು ಅವನ ಮಾತನ್ನೇ ಬರೆದುಕೊಂಡಿತು. ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣಲಾಗದ ತೊಂದರೆ ಅವನಿಗಿದೆ ಎಂದು ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ತಿಳಿಸಿದರು. ಎಲೆಗೆ ಕಂದು ಬಣ್ಣ ಹಚ್ಚಿ ನಗೆಗೀಡಾದ ಮೇಲೆ ಅವನು ಕ್ರೇಯಾನ್ ಮೇಲಿನ ಹೆಸರು ಓದದೆ ಬಣ್ಣ ಹಚ್ಚುವುದೇ ಇಲ್ಲವಂತೆ. ಬಣ್ಣದ ಸುಳಿವು ಎಲ್ಲರಿಗೂ ಇಲ್ಲವಾದ ಕೋಣೆಯಲ್ಲಿ, ಹೊಳಪು ಮಂಕುಗಳನ್ನು ಸೂಕ್ಷ್ಮವಾಗಿ ನೋಡುವ ಅವನ ರೂಢಿ ಕೆಲಸಕ್ಕೆ ಬಂತೆಂದು ನನ್ನ ಊಹೆ. ಒಬ್ಬ ವಿದ್ಯಾರ್ಥಿಯನ್ನು ನೋಡಿ ಸಾಮಾನ್ಯ ನಿಯಮ ಹೇಳಲಾಗದು. ಆದರೆ 'ಬಣ್ಣ ಹಚ್ಚಿರಿ' ಎಂಬ ಚಟುವಟಿಕೆ ಇಷ್ಟು ದಿನ ಅವನನ್ನು ಹೊರಗಿಟ್ಟಿತ್ತು, 'ಬಣ್ಣ ಹೇಗೆ ಕಾಣುತ್ತದೆ' ಎಂಬ ಪ್ರಶ್ನೆ ಒಳಗೆ ಕರೆಯಿತು.

ಅವನ ಸಂಗತಿಯನ್ನು ತರಗತಿಯಲ್ಲಿ ಎತ್ತದೆ, ಮುಂದಿನ ಅವಧಿಯ ಆರಂಭದಲ್ಲಿ ಜಾನ್ ಡಾಲ್ಟನ್ ಕಥೆ ಹೇಳಿದೆ. ಪರಮಾಣು ಸಿದ್ಧಾಂತದ ಡಾಲ್ಟನ್‌ಗೆ ಇದೇ ಬಗೆಯ ದೃಷ್ಟಿಯಿತ್ತು. 1794ರಲ್ಲಿ ಅವರು ತಮ್ಮ ದೃಷ್ಟಿಯನ್ನೇ ಅಧ್ಯಯನ ಮಾಡಿ ಪ್ರಬಂಧ ಮಂಡಿಸಿದರು. ತಮ್ಮ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಲು ಹೇಳಿದ್ದರು. 1844ರಲ್ಲಿ ಪರೀಕ್ಷಿಸಿದಾಗ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಕಣ್ಣಿನ ಡಿ.ಎನ್.ಎ.ಯಿಂದ ನಿಜವಾದ ಕಾರಣ ತಿಳಿದದ್ದು 1995ರಲ್ಲಿ.

ಮೂರನೆಯ ಅವಧಿ: ಎರಡು ಬೆಳಕಿನ ರಂಗೋಲಿ. ಇದೇ ಈ ಪಾಠದ ಹೃದಯಭಾಗ. ಮಕ್ಕಳ ಮುಂದಿಟ್ಟ ಪ್ರಶ್ನೆ: "ಬಿಳಿ ಬೆಳಕಿನಲ್ಲಿ ಒಂದು ಚಿತ್ರ, ಹಳದಿ ಬೆಳಕಿನಲ್ಲಿ ಇನ್ನೊಂದು ಚಿತ್ರ ಕಾಣುವ ರಂಗೋಲಿ ಹಾಕಲು ಸಾಧ್ಯವೇ?" ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅಂಗಡಿಯಿಂದ ತಂದ ಆ ಪುಡಿಗಳ ಮಟ್ಟಿಗೆ ನನ್ನಲ್ಲೂ ಸಿದ್ಧ ಉತ್ತರವಿರಲಿಲ್ಲ.

ಒಂದು ಗುಂಪು ಹಸಿರಿನಲ್ಲಿ ದೀಪದ ಕಂಬ ಬರೆದು, ಅಕ್ಕಿಹಿಟ್ಟಿನ ಹಾಸಿನ ಮೇಲೆ ಅರಿಸಿನದಿಂದ ಜ್ವಾಲೆ ಬರೆಯಿತು. ಹಳದಿ ಬೆಳಕಿನಲ್ಲಿ ಜ್ವಾಲೆ ಮಾಯವಾಗಬೇಕೆಂಬುದು ಅವರ ಉದ್ದೇಶ. ಆದರೆ ಅರಿಸಿನ ಹಿಟ್ಟಿಗಿಂತ ಸ್ವಲ್ಪ ಮಂಕಾಗಿ ಉಳಿದು ಜ್ವಾಲೆ ಮಸುಕಾಗಿ ಕಂಡಿತು. ಅರಿಸಿನಕ್ಕೆ ಅಕ್ಕಿಹಿಟ್ಟು ಬೆರೆಸಿದರು. ಸಮ ಪಾಲು ಬೆರೆಸಿದಾಗಲೂ ಅಂಚು ಕಂಡಿತು. ಒಂದಕ್ಕೆ ಮೂರು ಪಾಲು ಹಿಟ್ಟು ಬೆರೆಸಿದಾಗ ಹಳದಿ ಬೆಳಕಿನಲ್ಲಿ ಜ್ವಾಲೆ ಪೂರ್ತಿ ಆರಿತು, ಆದರೆ ಬಿಳಿ ಬೆಳಕಿನಲ್ಲಿ ಅದು ಪೇಲವವಾಯಿತು. ಒಂದು ಕಡೆ ಗಳಿಸಿದರೆ ಇನ್ನೊಂದು ಕಡೆ ಕಳೆದುಕೊಳ್ಳಬೇಕು. ಕೊನೆಗೆ ಅವರು ಒಂದಕ್ಕೆ ಎರಡು ಪಾಲಿನಲ್ಲಿ ನಿಂತರು.

ಇನ್ನೊಂದು ಗುಂಪು ನೀಲಿ ಹಾಸಿನ ಮೇಲೆ ಹಸಿರು ಗಿಳಿ ಬರೆಯಿತು. ಹಳದಿ ಬೆಳಕಿನಲ್ಲಿ ಗಿಳಿ ಅಡಗಿತು, ಆದರೆ ಬಿಳಿ ಪುಡಿಯಿಂದ ಇಟ್ಟ ಅದರ ಕಣ್ಣು ಮಾತ್ರ ಉಳಿಯಿತು. ಅದನ್ನು ಸರಿಪಡಿಸದೆ ಹಾಗೆಯೇ ಬಿಟ್ಟು ಇನ್ನಷ್ಟು ಕಣ್ಣುಗಳನ್ನು ಸೇರಿಸಿ, 'ರಾತ್ರಿಯ ಗಿಳಿಗಳು' ಎಂದು ಹೆಸರಿಟ್ಟರು. ನಿರೀಕ್ಷಿಸದ ಫಲಿತಾಂಶವನ್ನೇ ಹೊಸ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವ ಈ ಹೆಜ್ಜೆ ಅಭ್ಯಾಸಾಧಾರಿತ ಸಂಶೋಧನೆಯ ಮುಖ್ಯ ಲಕ್ಷಣ.

ಮೌಲ್ಯಮಾಪನ

ರಂಗೋಲಿಯ ಅಂದಕ್ಕೆ ಅಂಕ ಕೊಡಲಿಲ್ಲ. ಪ್ರಕ್ರಿಯಾ ದಿನಚರಿಯನ್ನು ನಾಲ್ಕು ಅಂಶಗಳಲ್ಲಿ ನೋಡಿದೆ.

1. ಪ್ರಶ್ನೆ ಸ್ಪಷ್ಟವಾಗಿದೆಯೇ?
2. ಪ್ರತಿ ಯತ್ನದಲ್ಲಿ ಏನನ್ನು ಬದಲಿಸಿದರು, ಏನನ್ನು ಹಾಗೆಯೇ ಇಟ್ಟರು ಎಂದು ಬರೆದಿದ್ದಾರೆಯೇ?
3. ಕಂಡದ್ದಕ್ಕೆ ಬೆಳಕಿನ ಪ್ರತಿಫಲನ, ಹೀರಿಕೆಯ ಆಧಾರದಲ್ಲಿ ಕಾರಣ ಕೊಟ್ಟಿದ್ದಾರೆಯೇ?
4. ನೋಡಿದವರು ಏನೆಂದರು ಎಂಬುದನ್ನು ದಾಖಲಿಸಿದ್ದಾರೆಯೇ?

ನಾಲ್ಕನೆಯ ಅಂಶ ಕಲೆಯಿಂದ ಬಂದದ್ದು. ವಿಜ್ಞಾನದ ಪ್ರಯೋಗ ವರದಿಯಲ್ಲಿ ನಾವು ಅದನ್ನು ಕೇಳುವುದಿಲ್ಲ. ಪಕ್ಕದ ತರಗತಿಯ ಮಕ್ಕಳನ್ನು ಕರೆದು ತೋರಿಸಿದಾಗ, ಯಾರಿಗೆ ಯಾವ ಚಿತ್ರ ಮೊದಲು ಕಂಡಿತು ಎಂದು ಪ್ರತಿ ಗುಂಪೂ ಬರೆದುಕೊಂಡಿತು. 'ದಿ ವೆದರ್ ಪ್ರಾಜೆಕ್ಟ್'ನಲ್ಲಿ ನೆಲದ ಮೇಲೆ ಮಲಗಿದ ಜನರಂತೆ ಇಲ್ಲಿಯೂ ನೋಡುಗರ ವರ್ತನೆ ಫಲಿತಾಂಶದ ಒಂದು ಭಾಗ. ಬರವಣಿಗೆಯಲ್ಲಿ ಹಿಂದುಳಿದವರಿಗೆ ದಿನಚರಿಯನ್ನು ಚಿತ್ರಗಳಲ್ಲಿ ಬರೆಯಲು, ಕಾರಣವನ್ನು ಬಾಯಲ್ಲಿ ಹೇಳಲು ಅವಕಾಶ ಕೊಟ್ಟಿದ್ದೆ.

ಮಿತಿಗಳು ಮತ್ತು ಸಲಹೆಗಳು

ಮೂರು ಅವಧಿಗಳು ಬೇಕಾದವು. ಅಧ್ಯಾಯ ಮುಗಿಸುವ ಒತ್ತಡವಿರುವಾಗ ಇದು ಸಣ್ಣ ಮಾತಲ್ಲ. ಆದರೆ ಪ್ರತಿಬಿಂಬ, ಬಣ್ಣ, ಕಣ್ಣು ಮೂರೂ ಕಲಿಕಾಂಶಗಳು ಒಂದೇ ಎಳೆಯಲ್ಲಿ ಬಂದದ್ದರಿಂದ ಪ್ರತ್ಯೇಕ ಪಾಠಗಳ ಸಮಯ ಸ್ವಲ್ಪ ಉಳಿಯಿತು. ಸೋಡಿಯಂ ದೀಪ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ, ಹತ್ತಿರದ ಪದವಿ ಕಾಲೇಜಿನಲ್ಲಿ ಕೇಳಬಹುದು. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಯೂ ಈ ಪಾಠದ ಒಂದು ರೂಪವನ್ನು ಮಾಡಬಹುದು. ಅದು ಒಂದೇ ತರಂಗದೂರದ ಬೆಳಕಲ್ಲ, ಕೆಂಪಿನ ಒಂದು ಪಟ್ಟಿ, ಆದ್ದರಿಂದ ಪರಿಣಾಮ ಇಷ್ಟು ಪೂರ್ಣವಾಗಿರುವುದಿಲ್ಲ. ಅಲ್ಲಿ ಕುಂಕುಮವೂ ಬಿಳಿಯ ಹತ್ತಿರ ಬರುತ್ತದೆ. ಈ ವ್ಯತ್ಯಾಸವೇ ಮತ್ತೊಂದು ಪಾಠ. ಪುಡಿಗಳ ತಯಾರಿಕೆ ಬೇರೆ ಬೇರೆಯಾಗಿರುವುದರಿಂದ ಹಿಂದಿನ ದಿನವೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬಣ್ಣ ಗುರುತಿಸುವ ತೊಂದರೆಯಿರುವ ವಿದ್ಯಾರ್ಥಿಗಳು ತರಗತಿಯಲ್ಲಿದ್ದಾರೆಯೇ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಮೊದಲೇ ಕೇಳಿ, ಅವರನ್ನು ಎಲ್ಲರ ಮುಂದೆ ಎತ್ತಿ ತೋರಿಸದೆ ಪಾಠ ಯೋಜಿಸಬೇಕು.

ಉಪಸಂಹಾರ

ವಿಜ್ಞಾನ ಮತ್ತು ಕಲೆ ಒಂದೇ ಎಂದು ಈ ಪಾಠ ಸಾಧಿಸುವುದಿಲ್ಲ. 589 ನ್ಯಾನೊಮೀಟರ್ ಯಾರು ಅಳೆದರೂ 589. ಆರಿದ ಜ್ವಾಲೆ, ಉಳಿದ ಕಣ್ಣುಗಳು ನೋಡಿದವರಲ್ಲಿ ಹುಟ್ಟಿಸಿದ್ದು ಒಬ್ಬೊಬ್ಬರಿಗೆ ಒಂದೊಂದು. ಎರಡು ಬಗೆಯ ತಿಳಿವೂ ಒಂದೇ ನೆಲದ ಮೇಲೆ, ಒಂದೇ ಪುಡಿಗಳಿಂದ ಹುಟ್ಟಬಹುದು ಎಂಬುದಷ್ಟೇ ನಾನು ಕಂಡುಕೊಂಡದ್ದು. ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಸಲಹೆ: ಮುಂದಿನ ಪಾಠಯೋಜನೆಯ 'ಕಲಾ ಸಮನ್ವಯ' ಅಂಕಣದಲ್ಲಿ ಚಟುವಟಿಕೆಯ ಹೆಸರನ್ನು ಬರೆಯುವ ಬದಲು ಒಂದು ಪ್ರಶ್ನೆಯನ್ನು ಬರೆಯೋಣ. ಆ ಪ್ರಶ್ನೆಗೆ ಉತ್ತರ ಮಾಡಿ ನೋಡಿದರೆ ಮಾತ್ರ ಸಿಗುವಂತಿರಲಿ.